ಕಾವ್ಯಪಕ್ಷಿಗಳೂ ಪ್ರತ್ಯಕ್ಷಪ್ರಮಾಣವೂ

ಕಾವ್ಯಗಳಲ್ಲಿ ಬರುವ ಪಕ್ಷಿನಾಮಗಳಿಗೆ ಟೀಕಾಕಾರರು ಹಲವೆಡೆ ‘ಪಕ್ಷಿವಿಶೇಷ’ ಎಂದಷ್ಟೇ ಬರೆದು ಮುಂದೆ ಸಾಗುವರು. ಅರ್ಥನಿರ್ಣಯಕ್ಕೆ ಕೋಶದೊಡನೆ ಪ್ರತ್ಯಕ್ಷವೂ ಬೇಕು. ಆದುದರಿಂದ ಬಲ್ಲ ಮಾರ್ಗದರ್ಶಕನೊಡನೆ ಕೆರೆ, ಕುರುಚಲುಕಾಡು ಮೊದಲಾದ ಎಡೆಗಳಲ್ಲಿ ಪಕ್ಷಿವೀಕ್ಷಣೆಗಾಗಿ ಸಂಚರಿಸುವುದು ಸಾಹಿತ್ಯಾಧ್ಯಾಪಕರಿಗೂ ವಿಹಿತವಾದುದು.

ಹಂಸವನ್ನೇ ನೋಡೋಣ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅವು ಮರಳಿ ಉತ್ತರಕ್ಕೆ ಹೋಗುವುದು ಕವಿಗಳು ವರ್ಣಿಸುವ ಮಾನಸಯಾತ್ರೆಗೆ ಒಪ್ಪುವುದು ನಿಜ. ಆದರೆ ಅವು ಮಳೆಗಾಲಕ್ಕೆ ಬಹು ಮುಂಚೆಯೇ ಹೊರಡುತ್ತವೆ. ಮೇಘದೂತದ ರಾಜಹಂಸಗಳಾದರೋ ವರ್ಷಾರಂಭದಲ್ಲಿ ಮೇಘದೊಡನೆ ಹೊರಡುವುವು. ಮೇಲಾಗಿ ಅಮರಕೋಶದ ರಾಜಹಂಸಕ್ಕೆ ಮೈ ಬಿಳುಪು, ಕೊಕ್ಕೂ ಕಾಲೂ ಕೆಂಪು. ಈ ಹೆಬ್ಬಾತಿನ ಮೈ ಬೂದುಬಣ್ಣ, ಕೊಕ್ಕೂ ಕಾಲೂ ಕಿತ್ತಳೆ ಬೆರೆತ ಹಳದಿ. ಹೀಗಿರಲು ಯಾತ್ರಾಸಾಮ್ಯವೊಂದರಿಂದಲೇ ಎರಡನ್ನೂ ಅಭಿನ್ನವೆನ್ನುವುದು ಯುಕ್ತವಲ್ಲ.

ಇನ್ನು ಚಾತಕ. ಕುರುಚಲುಕಾಡಿನಲ್ಲಿ ಕಾಣುವ, ಜುಟ್ಟುಳ್ಳ ಕಪ್ಪುಬಿಳುಪಿನ ಕೋಗಿಲೆಜಾತಿಯ ಹಕ್ಕಿಯೇ ಚಾತಕವೆಂದು ಸಾಮಾನ್ಯವಾಗಿ ಗುರುತಿಸುವರು. ಉತ್ತರಭಾರತಕ್ಕೆ ಅದು ಆಫ್ರಿಕದಿಂದ ಮುಂಗಾರಿನೊಡನೆ ಬರುವುದು. ದಕ್ಷಿಣದಲ್ಲಿಯೋ, ಇಲ್ಲಿಯೇ ನೆಲೆಸಿದ ಚಾತಕಗಳೂ ಉಂಟು. ಮೇಘವನ್ನೇ ನಂಬಿದ ಚಾತಕವೆಂಬ ಕವಿಸಮಯಕ್ಕೆ ಉತ್ತರದೇಶದ ಅನುಭವವೇ ಮೂಲವಿರಬಹುದೆಂದು ಇದರಿಂದ ಊಹಿಸಬಹುದು.

ಬಣ್ಣವನ್ನು ಕೋಶವೂ ಹೇಳೀತು. ಕೂಗು, ಹಾರುವ ರೀತಿ, ತಂಗುವ ತಾಣ, ಬಂದುಹೋಗುವ ಮಾಸ ಇವನ್ನು ತೋರಿಸಿಕೊಡುವವನು ಮಾರ್ಗದರ್ಶಕನೇ. ಅಧ್ಯಾಪಕರು ಇವುಗಳನ್ನು ಸ್ಥಳದಲ್ಲಿಯೇ ಗುರುತುಮಾಡಿಕೊಂಡು ಮೂಲಗ್ರಂಥದೊಡನೆ ಹೋಲಿಸಿದಲ್ಲಿ, ಕವಿಯು ಕಂಡುದಾವುದು, ಕೇಳಿ ಬರೆದುದಾವುದು ಎಂಬ ವಿವೇಕವು ವಿದ್ಯಾರ್ಥಿಗಳಿಗೆ ಲಭಿಸುವುದು.