ನಿಂತುಹೋದ ವಿದ್ಯುತ್ ಬ್ರಷ್ಷು

ಬೇವಿನ ಕಡ್ಡಿ, ಇದ್ದಿಲ ಪುಡಿಗಳೇ ಹಲ್ಲಿಗೆ ಸಾಕೆಂದು ಚಿಗಟೇರಿಯಲ್ಲಿ ಬೆಳೆದ ನಮಗೆ, ಹಲ್ಲುಜ್ಜುವುದಕ್ಕೂ ವಿದ್ಯುಚ್ಛಕ್ತಿ ಬೇಕೆಂಬ ಮಾತು ಮೊದಲು ನಗೆಯನ್ನೇ ತಂದಿತು. ಆದರೆ ಕೀಲುವಾತದಿಂದ ನಮ್ಮ ತಾಯಿಯವರ ಬೆರಳುಗಳು ಮಡಚಲಾರದಂತಾಗಿ, ಬೆಳಗಾದರೆ ಬಾಯಿ ತೊಳೆಯಲು ಸೊಸೆಯನ್ನು ಕರೆಯಬೇಕಾಗಿ ಬಂದಾಗ, ಬೆಂಗಳೂರಿನಿಂದ ಮೊಮ್ಮಗನು ತಂದುಕೊಟ್ಟ ವಿದ್ಯುತ್ ಬ್ರಷ್ಷಿನ ಬೆಲೆ ನಮಗೆ ತಿಳಿಯಿತು. ಅದರ ದಪ್ಪ ಹಿಡಿಕೆಯನ್ನು ಅಂಗೈಯಲ್ಲಿ ಹಿಡಿದು ಹಲ್ಲಿನ ಸಾಲಿಗೆ ಒಡ್ಡಿದರೆ ಸಾಕು. ಉಜ್ಜುವ ಕೆಲಸವನ್ನು ಅದೇ ಮಾಡುವುದು. ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಅದು ಗೊರಗೊರನೆ ಸದ್ದುಮಾಡುತ್ತ ನಿಧಾನವಾಯಿತು, ಮರುದಿನ ನಿಂತೇಹೋಯಿತು. “ಏನಪ್ಪಾ, ಬಾಯಿ ತೊಳಕೊಳ್ಳಾಕೂ ಮತ್ತೆ ಇನ್ನೊಬ್ಬರ ಕೈ ಕಾಯಬೇಕೇನು?” ಎಂದು ತಾಯಿಯವರು ಕೇಳಿದರು. ಪೇಟೆಯ ಅಂಗಡಿಯಲ್ಲಿ ವಿಚಾರಿಸಲು, ಇಂಥವನ್ನು ಬಿಚ್ಚುವುದಿಲ್ಲ, ಹೊಸದನ್ನು ಕೊಳ್ಳಿರೆಂಬ ಉತ್ತರ ದೊರೆಯಿತು. ನಮಗೇಕೋ ಮನಸ್ಸೊಪ್ಪಲಿಲ್ಲ.

ಈ ಉಪಕರಣವು ಬಹಳ ಹಳೆಯದೇನೂ ಅಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್ ಗೀ ವೂಗ್ ಎಂಬವರು ರೂಪಿಸಿದ ‘ಬ್ರಾಕ್ಸೋಡೆಂಟ್’ ಗೋಡೆಯ ಪ್ಲಗ್ಗಿನಿಂದ ನೇರವಾಗಿ ನಡೆಯುತ್ತಿತ್ತು. ತಂತಿಯಿಲ್ಲದೆ ಬ್ಯಾಟರಿಯಿಂದ ನಡೆಯುವಂಥದು 1961ರಲ್ಲಿ ಅಮೆರಿಕೆಯಲ್ಲಿ ಹೊರಟಿತು. ಈಗಿನ ಬಹುಪಾಲು ಬ್ರಷ್ಷುಗಳಲ್ಲಿ ಹಿಡಿಕೆಗೂ ಚಾರ್ಜರಿಗೂ ನಡುವೆ ಲೋಹದ ಸಂಪರ್ಕವೇ ಇರುವುದಿಲ್ಲ. ಚಾರ್ಜರಿನಲ್ಲೊಂದು, ಹಿಡಿಕೆಯ ಬುಡದಲ್ಲೊಂದು ತಂತಿಸುರುಳಿ ಇದ್ದು, 1831ರಲ್ಲಿ ಫ್ಯಾರಡೆಯವರು ಕಂಡುಹಿಡಿದ ತತ್ತ್ವದಂತೆ ಒಂದರಿಂದ ಇನ್ನೊಂದಕ್ಕೆ ಶಕ್ತಿಯು ಹರಿಯುತ್ತದೆ. ನೀರಿನಲ್ಲಿ ಬಳಸುವ ವಸ್ತುವಾದ್ದರಿಂದ ಈ ಏರ್ಪಾಡು. ಆದಕಾರಣ ಕೆಟ್ಟಾಗ ಚಾರ್ಜರು, ಹಿಡಿಕೆ, ತಲೆ ಎಂಬ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು.

ಮೊದಲು ಚಾರ್ಜರಿನ ಸಂಗತಿ. ಅದೇ ಪ್ಲಗ್ಗಿಗೆ ಮೊಬೈಲಿನ ಚಾರ್ಜರನ್ನು ಹಾಕಿ ನೋಡಿದೆವು. ಕರೆಂಟು ಸರಿಯಾಗಿ ಬರುತ್ತಿತ್ತು. ಹಾಗಾದರೆ ಬ್ರಷ್ಷು ಬರಿದಾದುದೇಕೆ? ಎರಡು ದಿನ ಗಮನಿಸಿದ ಮೇಲೆ ಕಾರಣ ತಿಳಿಯಿತು. ಬಚ್ಚಲಿನಿಂದ ಹೊರಬರುವಾಗ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುವುದು ನಮ್ಮ ಮನೆಯ ಹೆಂಗಸರ ಒಳ್ಳೆಯ ಅಭ್ಯಾಸ. ದೀಪದೊಂದಿಗೆ ಚಾರ್ಜರೂ ಆರುತ್ತಿತ್ತು! ಅನೇಕ ಬ್ರಷ್ಷುಗಳು ಪೂರ್ತಿ ತುಂಬಲು 12ರಿಂದ 24 ಗಂಟೆ ಬೇಕು. ನಮ್ಮದಕ್ಕೆ ದಿನಕ್ಕೆ ಅರ್ಧ ಗಂಟೆಯೂ ಸಿಕ್ಕುತ್ತಿರಲಿಲ್ಲ. ಇನ್ನೊಂದು ಮಾತು: ತೀರ ಬರಿದಾದ ಬ್ಯಾಟರಿಯನ್ನು ಪೀಠದ ಮೇಲಿಟ್ಟಾಗ ಸ್ವಲ್ಪ ಹೊತ್ತು ಸೂಚಕದೀಪವು ಹತ್ತದೆಯೂ ಇರಬಹುದು. ಅದನ್ನು ಕಂಡು ಸತ್ತಿತೆಂದು ತೀರ್ಮಾನಿಸಬಾರದು. ಅಡಿಗೆಮನೆಯ ಪ್ಲಗ್ಗಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟೆವು, ಬ್ರಷ್ಷು ಎದ್ದಿತು.

ಎದ್ದಿತಾದರೂ ಗೊರಗೊರ ಸದ್ದು ಹೋಗಲಿಲ್ಲ. ಆಗ ತಲೆಯನ್ನು ಕಳಚಿ ಬರಿಯ ಹಿಡಿಕೆಯನ್ನು ನಡೆಯಿಸಿದೆವು. ಮೋಟಾರು ಹಗುರವಾಗಿ ಓಡಿತು. ತೊಂದರೆಯು ತಲೆಯಲ್ಲಿಯೇ ಎಂದು ಗೊತ್ತಾಯಿತು. ನಮ್ಮ ಕೊಳವೆಬಾವಿಯ ನೀರು ಗಡಸು. ಹಂಡೆಯ ಒಳಗೆ ಬಿಳಿಯ ಪದರವನ್ನು ಕಟ್ಟುವ ಆ ನೀರೇ ಪೇಸ್ಟಿನೊಡನೆ ಸೇರಿ, ಲೋಹದ ಕಡ್ಡಿಯ ಸುತ್ತಲೂ ತಲೆಯ ಒಳಗೂ ಗಟ್ಟಿಯಾಗಿ ಕೂತಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ತಲೆಯನ್ನು ನೆನೆಯಿಟ್ಟು, ಹಳೆಯ ಬ್ರಷ್ಷಿನಿಂದ ಉಜ್ಜಿ, ಹಿಡಿಕೆಯನ್ನು ಒದ್ದೆಬಟ್ಟೆಯಿಂದ ಒರೆಸಿದೆವು. ಕುದಿನೀರು ಕೂಡದು, ಹಿಡಿಕೆಯನ್ನು ನೀರಿನಲ್ಲಿ ಮುಳುಗಿಸಿಡುವುದೂ ಕೂಡದು. ಗುಂಡಿಯ ಅಂಚಿನಲ್ಲಿ ಪೇಸ್ಟು ಒಣಗಿ ಅದು ಒತ್ತದಂತಾಗುವುದೂ ಉಂಟು. ಎಳೆಗಳು ಬಾಗಿದ ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬುದನ್ನು ನಾವು ಎಂಟು ತಿಂಗಳು ಮರೆತಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ಕೆಲವು ಸಂಗತಿಗಳು ದೋಷಗಳೇ ಅಲ್ಲ. ಅನೇಕ ಬ್ರಷ್ಷುಗಳು 30 ಸೆಕೆಂಡಿಗೊಮ್ಮೆ ತಡವರಿಸಿ, ಬಾಯಿಯ ಇನ್ನೊಂದು ಭಾಗಕ್ಕೆ ಹೋಗಿರೆಂದು ಸೂಚಿಸುವುವು. ಕೆಲವು 2 ನಿಮಿಷಕ್ಕೆ ತಾವೇ ನಿಲ್ಲುವುವು. ಬಲವಾಗಿ ಒತ್ತಿದರೆ ವೇಗವನ್ನು ತಗ್ಗಿಸುವಂಥವೂ ಇವೆ.

ಇಷ್ಟೆಲ್ಲ ಮಾಡಿದ ಮೇಲೂ, ಪೂರ್ತಿ ಚಾರ್ಜಾಗಿ ಒಂದೆರಡು ಬಳಕೆಗೇ ನಿಂತರೆ ಬ್ಯಾಟರಿ ಮುದಿಯಾಯಿತೆಂದು ತಿಳಿಯಬೇಕು. ಅದು ಸಾಮಾನ್ಯವಾಗಿ ಒಳಗೆ ಬೆಸುಗೆಯಾಗಿರುವುದರಿಂದ ಗೃಹಸ್ಥರು ಕೈಹಾಕುವುದನ್ನು ನಾವು ಮೆಚ್ಚುವುದಿಲ್ಲ. ಬಿಚ್ಚಿದೊಡನೆ ನೀರುತಡೆಯುವ ಬಂಧ ಸಡಲುವುದು, ಗ್ಯಾರಂಟಿಯೂ ಹೋಗಬಹುದು. ಅವಧಿಯೊಳಗಿದ್ದರೆ ರಸೀತಿಯೊಡನೆ ಮಾರಿದವರಲ್ಲಿಗೆ ಒಯ್ಯುವುದೇ ಲೇಸು. ಕೊನೆಗೆ ಬಿಸಾಡಬೇಕಾಗಿ ಬಂದರೂ ತಿಪ್ಪೆಗೂ ಒಲೆಗೂ ಹಾಕಲಾಗದು; ಲಿಥಿಯಂ ಬ್ಯಾಟರಿಯು ಬೆಂಕಿಯಲ್ಲಿ ಸಿಡಿಯಬಲ್ಲುದು. ಇಂಥ ಕಸವನ್ನು ಬೇರೆಯಾಗಿ ಒಪ್ಪಿಸಬೇಕೆಂದು 2022ರ ಕೇಂದ್ರಸರಕಾರದ ನಿಯಮಗಳಿವೆ.

ನಮ್ಮ ಬ್ರಷ್ಷಿಗೆ ಹೊಸ ತಲೆ ಬಂದಿದೆ. ಚಾರ್ಜರು ಅಡಿಗೆಮನೆಯ ಗೂಡಿನಲ್ಲಿದ್ದು, ಆ ಸ್ವಿಚ್ಚಿನ ಮೇಲೆ “ಆರಿಸಬೇಡಿ” ಎಂಬ ಚೀಟಿಯನ್ನು ತಾಯಿಯವರೇ ನಿಂತು ಅಂಟಿಸಿಸಿದ್ದಾರೆ.