ಮ್ಯಾರಥಾನ್‌ನಲ್ಲಿ 30 ಕಿಲೋಮೀಟರ್ ದಾಟಿದ್ಮೇಲೆ ಕಾಲು ಯಾಕೆ ಏಳಲ್ಲ?

ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಮೊದಲ ಸಲ ಓಡೋ ಎಷ್ಟೋ ಜನ 30ರ ತನಕ ಆರಾಮಾಗಿ ಬರ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ತೊಡೆ ಬಿಗಿಯುತ್ತೆ, ಹೆಜ್ಜೆ ಕಿತ್ತಿಡೋಕೇ ಆಗಲ್ಲ. ಓಟಗಾರರು ಇದನ್ನ 'ವಾಲ್' ಅಂತಾರೆ.

ಇದಕ್ಕೆ ಮುಖ್ಯ ಕಾರಣ ಗ್ಲೈಕೋಜೆನ್. ನಾವು ತಿನ್ನೋ ಅನ್ನ, ಮುದ್ದೆ, ಚಪಾತಿಯ ಶಕ್ತಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಈ ರೂಪದಲ್ಲಿ ಶೇಖರವಾಗಿರುತ್ತೆ. ಸುಮಾರು 2,000 ಕ್ಯಾಲೊರಿಯಷ್ಟು. ಜೋರಾಗಿ ಓಡಿದಷ್ಟೂ ಅದು ಬೇಗ ಖಾಲಿ.

ಕೊಬ್ಬು ಮಾತ್ರ ಎಲ್ಲರ ಮೈಯಲ್ಲೂ ಬೇಕಾದಷ್ಟಿದೆ. ಅದನ್ನ ಚೆನ್ನಾಗಿ ಬಳಸೋಕೆ ದೇಹಕ್ಕೆ ಕಲಿಸೋದೇ ವಾರಕ್ಕೊಂದು ಲಾಂಗ್ ರನ್. ವೇಗ ಎಷ್ಟಿರಬೇಕು? ಪಕ್ಕದಲ್ಲಿ ಓಡ್ತಿರೋರ ಜೊತೆ ಏದುಸಿರು ಬಿಡದೆ ಪೂರ್ತಿ ವಾಕ್ಯ ಮಾತಾಡೋಕಾಗಬೇಕು. ಮಾತು ತುಂಡಾಯ್ತಾ? ನಿಧಾನ ಮಾಡಿ.

ಓಟದ ದಿನ ಸುಸ್ತಾಗೋ ತನಕ ಕಾಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಲಿ. ಜೆಲ್ ಆಗಲಿ, ಖರ್ಜೂರ ಆಗಲಿ, ಅಭ್ಯಾಸದಲ್ಲಿ ಒಗ್ಗಿದ್ದನ್ನೇ ತಿನ್ನಿ. ಹೊಸದು ಬೇಡ.

ಇನ್ನೊಂದು, ಮೊದಲ 10 ಕಿಲೋಮೀಟರ್‌ನಲ್ಲಿ ಯಾರು ಹಿಂದೆ ಹಾಕಿದ್ರೂ ಹಾಕ್ಲಿ, ನಿಮ್ಮ ವೇಗ ಬಿಡಬೇಡಿ. ಕೆಲಸ, ಮನೆ ಎಲ್ಲಾ ಸಂಭಾಳಿಸ್ಕೊಂಡು, ಬೆಳಗಿನ ಜಾವ ಎದ್ದು ತಿಂಗಳುಗಟ್ಟಲೆ ತಯಾರಾಗಿದ್ದೀರಿ. ಆ ಶ್ರಮ ಕೊನೆಯ 12 ಕಿಲೋಮೀಟರ್‌ನಲ್ಲಿ ನಿಮ್ಮ ಕೈ ಹಿಡೀಬೇಕು.