ಎರೆಮಣ್ಣಿನಲ್ಲಿ ಲೋಹಶೋಧಕದ ಸದ್ದು: ಕಸ ಯಾವುದು, ನಿಧಿ ಯಾವುದು?

ನೆಲದೊಳಗೆ ಹುದುಗಿದ ಲೋಹವನ್ನು ಅಗೆಯದೆಯೇ ಪತ್ತೆಹಚ್ಚುವ ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್, ಪರದೇಶಗಳ ಕಡಲತೀರದಲ್ಲಿ ಹವ್ಯಾಸಿಗಳು ಹಿಡಿದು ತಿರುಗುವ ಸಾಧನವೆಂದೇ ಹೆಚ್ಚು ಪರಿಚಿತ. ಆದರೆ ಕಡಲಿನ ಸುಳಿವೂ ಇಲ್ಲದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಅದರ ಸದ್ದಿನ ಅರ್ಥವೇನೆಂಬ ಪ್ರಶ್ನೆ ಕಡಲತೀರದಲ್ಲಿರುವುದಕ್ಕಿಂತ ಗಂಭೀರವಾದುದು. ಏಕೆಂದರೆ ಇಲ್ಲಿ ಮಣ್ಣಿನಡಿ ಇರುವುದು ಪ್ರವಾಸಿಗರು ಕಳೆದುಕೊಂಡ ಉಂಗುರಗಳಲ್ಲ, ನಾಡಿನ ಚರಿತ್ರೆಯ ಕುರುಹುಗಳು.

ಯಂತ್ರದ ತುದಿಯಲ್ಲಿರುವ ತಂತಿಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಹರಿದಾಗ ನೆಲದೊಳಕ್ಕೆ ಕಾಂತಕ್ಷೇತ್ರವೊಂದು ಇಳಿಯುತ್ತದೆ. ಅದರ ಪ್ರಭಾವಕ್ಕೆ ಸಿಕ್ಕ ಲೋಹದಲ್ಲಿ ಸುಳಿಪ್ರವಾಹ, ಅಂದರೆ ಸುತ್ತಿ ಸುತ್ತಿ ಹರಿಯುವ ಸಣ್ಣ ವಿದ್ಯುತ್ಪ್ರವಾಹ, ಹುಟ್ಟುತ್ತದೆ. ಆ ಪ್ರವಾಹ ತನ್ನದೇ ಆದ ಕಾಂತಕ್ಷೇತ್ರವನ್ನು ಮರಳಿ ಕಳಿಸುತ್ತದೆ. ಹಾಗೆ ಮರಳಿದ್ದನ್ನು ಯಂತ್ರ ಗ್ರಹಿಸಿ, ಅದು ಎಷ್ಟು ಬಲವಾಗಿದೆ, ಎಷ್ಟು ತಡವಾಗಿದೆ ಎಂಬುದನ್ನು ಅಳೆದು ಸದ್ದಾಗಿ ಮಾರ್ಪಡಿಸುತ್ತದೆ. ಸದ್ದಿಗೂ ಈ ವಿದ್ಯೆಗೂ ಮೊದಲಿನಿಂದಲೂ ನಂಟಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಸಿಲುಕಿದ್ದ ಗುಂಡನ್ನು ಹುಡುಕಲು ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಸಾಧನಕ್ಕೆ ಟೆಲಿಫೋನಿನ ಕಿವಿತುಂಡನ್ನೇ ಜೋಡಿಸಿ ಆಲಿಸಿದ್ದರು, ಆದರೆ ಗುಂಡು ಪತ್ತೆಯಾಗಲಿಲ್ಲ.

ಬಹುಪಾಲು ಯಂತ್ರಗಳಲ್ಲಿ ಕಬ್ಬಿಣಕ್ಕೆ ತಗ್ಗಿದ, ಗೊಗ್ಗರು ದನಿಯೂ, ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವ ತಾಮ್ರ, ಬೆಳ್ಳಿಗಳಿಗೆ ಏರಿದ, ಸ್ಪಷ್ಟವಾದ ದನಿಯೂ ಬರುವಂತೆ ಏರ್ಪಾಡು ಇರುತ್ತದೆ. ಹೀಗಾಗಿ ಹೊಲದಲ್ಲಿ ಕಳಚಿಬಿದ್ದ ಎತ್ತಿನ ಲಾಳ, ಕುಂಟೆಯ ಕುಡದ ಮುರುಕು, ಬಂಡಿಯ ಕೀಲು ಇವೆಲ್ಲ ಸಾಮಾನ್ಯವಾಗಿ ಒಂದೇ ಬಗೆಯ ಕೀಳು ದನಿಯಲ್ಲಿ ಕೇಳಿಸಿದರೆ, 11.66 ಗ್ರಾಂ ತೂಕದ ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ತಟ್ಟನೆ ಎತ್ತರದ ದನಿ ಹೊರಡಿಸುತ್ತದೆ. ಅನುಭವಿಗಳು ಒಂದೇ ಜಾಗವನ್ನು ಎರಡು ದಿಕ್ಕಿನಿಂದ ಅಡ್ಡಡ್ಡ ಸವರಿ ನೋಡುತ್ತಾರೆ. ದುಂಡನೆಯ ನಾಣ್ಯ ಯಾವ ಕಡೆಯಿಂದ ಸವರಿದರೂ ಹೆಚ್ಚುಕಡಿಮೆ ಒಂದೇ ದನಿ ಕೊಡುತ್ತದೆ. ತುಕ್ಕು ಹಿಡಿದ ಮೊಳೆಯ ದನಿ ಒಂದು ಕಡೆಯಿಂದ ಎತ್ತರವಾಗಿ ಕೇಳಿ ಇನ್ನೊಂದು ಕಡೆಯಿಂದ ಒಡೆದು ಹೋಗುತ್ತದೆ.

ಕಷ್ಟವಿರುವುದು ಚಿನ್ನದಲ್ಲಿ. ಯಂತ್ರ ಗುರುತಿಸುವುದು ಲೋಹದ ವಾಹಕತೆ, ಗಾತ್ರ, ಆಕಾರಗಳನ್ನು ಮಾತ್ರ; ಬೆಲೆಯನ್ನು ಅದು ಅರಿಯದು. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹದ ದನಿ ನಡುಮಟ್ಟದ್ದಾಗಿರಬಹುದು, ಆದರೆ ಅರ್ಧ ಗ್ರಾಮಿಗೂ ಕಡಿಮೆ ತೂಗುವ, ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಗುಳಿಗೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯಂತೆಯೇ ಕ್ಷೀಣವಾಗಿ ಕೇಳಿಸುತ್ತದೆ. ವಿಜಯಪುರದ ಸುಲ್ತಾನ ಎರಡನೆಯ ಅಲಿ ಆದಿಲಶಾಹನ ಲಾರಿ ಎಂಬ ನಾಣ್ಯ ಬೆಳ್ಳಿಯದೇ ಆದರೂ, ಅದು ಮಡಚಿದ ತಂತಿಯ ರೂಪದಲ್ಲಿರುವುದರಿಂದ ಸುಳಿಪ್ರವಾಹಕ್ಕೆ ಸುತ್ತಿ ಹರಿಯಲು ಜಾಗ ಸಾಲದೆ ಸದ್ದು ದುರ್ಬಲವಾಗುತ್ತದೆ. ಇತ್ತ ಇಂದಿನ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಾದ್ದರಿಂದ ಯಂತ್ರದ ಕಿವಿಗೆ ಕಬ್ಬಿಣದ ಚೂರಾಗಿ ಕೇಳಿಸಬಹುದು. ಕಸವೆಂದು ಕೇಳಿದ್ದೆಲ್ಲ ಕಸವಲ್ಲ ಎಂಬುದಕ್ಕೆ ಇಷ್ಟು ಸಾಕು.

ನೆಲವೂ ತನ್ನ ದನಿ ಸೇರಿಸುತ್ತದೆ. ಕಡಲತೀರದಲ್ಲಿ ಉಪ್ಪುನೀರು ತಾನೇ ವಿದ್ಯುದ್ವಾಹಕವಾಗಿ ಒದ್ದೆ ಮರಳಿನಲ್ಲಿ ಯಂತ್ರವನ್ನು ದಾರಿ ತಪ್ಪಿಸುವುದರಿಂದ, ಅಲ್ಲಿ ಬಿಟ್ಟುಬಿಟ್ಟು ಮಿಡಿತ ಕಳಿಸುವ ಬೇರೆ ಬಗೆಯ ಯಂತ್ರವನ್ನು ಬಳಸುತ್ತಾರೆ. ಇಂಡಿ, ಸಿಂದಗಿ ಸೀಮೆಯ ಎರೆಭೂಮಿಯಲ್ಲಿ ತೊಡಕು ಬೇರೆಯದು. ಆ ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಬಸಾಲ್ಟ್ ಶಿಲೆ ಸವೆದು ಆದದ್ದು. ಆ ಶಿಲೆಯಲ್ಲಿದ್ದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳು ಮಣ್ಣಿನಲ್ಲಿಯೂ ಉಳಿದಿರುವುದರಿಂದ, ಕೆಳಗೆ ಏನೂ ಇಲ್ಲದಿದ್ದರೂ ಯಂತ್ರ ಗುರುಗುಟ್ಟಬಲ್ಲದು. ನೆಲದ ಈ ದನಿಯನ್ನು ಮೊದಲು ಅಳೆದು ಕಳೆಯದೆ ಮುಂದುವರಿದವರಿಗೆ ಹೊಲವೆಲ್ಲ ಲೋಹವೆಂದೇ ತೋರುತ್ತದೆ.

ಕಿವಿಯಿಂದ ಲೋಹವನ್ನು ಪರೀಕ್ಷಿಸುವುದು ಈ ನಾಡಿಗೆ ಹೊಸದಲ್ಲ. ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ, ಝಣ್ ಎಂದು ದನಿ ಉಳಿದರೆ ಸಾಚಾ, ಸೀಸ ಬೆರೆತು ದೊಪ್ಪೆಂದರೆ ಖೋಟಾ ಎಂದು ಸರಾಫರು ನಿರ್ಣಯಿಸುತ್ತಿದ್ದರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು, 1632ರಲ್ಲಿ ವಿಜಯಪುರಕ್ಕೆ ತಂದ ಮಲಿಕ್-ಎ-ಮೈದಾನ್ ತೋಪು ತಟ್ಟಿದರೆ ಗಂಟೆಯಂತೆ ನಾದಗೊಡುವುದು ಅದು ಕಂಚಿನದಾದ್ದರಿಂದಲೇ.

ಇಡೀ ವಿಷಯದ ತಿರುಳು ಮುದ್ದೇಬಿಹಾಳದ ಕಡೆಗಿದೆ. ವಿಜಯನಗರದ ಭವಿಷ್ಯವನ್ನು ನಿರ್ಧರಿಸಿದ 1565ರ ಜನವರಿಯ ಕದನಕ್ಕೆ ತಾಳಿಕೋಟೆಯ ಹೆಸರಿದ್ದು, ರಕ್ಕಸಗಿ-ತಂಗಡಗಿ ಎಂದೂ ಅದನ್ನು ಕರೆಯುತ್ತಾರೆ. ಇವುಗಳಲ್ಲಿ ತಂಗಡಗಿ ಕೃಷ್ಣೆಯ ದಡದಲ್ಲಿ, ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ. ವಿಜಯಪುರದಲ್ಲಿ ನೆಲೆಸಿ ಇತಿಹಾಸ ಬರೆದ ಫಿರಿಶ್ತಾ, ವಿಜಯನಗರದ ವಿರುದ್ಧ ಹೋರಾಡಿದ ದಖನ್ ಸುಲ್ತಾನರ ಸೇನೆಯ ತೋಪುಗಳ ಮುಖ್ಯಸ್ಥ ರೂಮಿಖಾನನು ಶತ್ರುಗಳು ಹತ್ತಿರ ಬಂದಾಗ ತಾಮ್ರದ ಕಾಸುಗಳನ್ನೇ ತೋಪುಗಳಿಗೆ ತುಂಬಿ ಹಾರಿಸಿದನೆಂದು ದಾಖಲಿಸಿದ್ದಾನೆ. ಈ ವರದಿಯನ್ನು ಎದುರಿಟ್ಟುಕೊಂಡರೆ, ಆ ರಣಭೂಮಿಯ ಹೊಲದಲ್ಲಿ ಯಂತ್ರ ಎತ್ತರದ ದನಿಯಲ್ಲಿ ತೋರಿಸಬಹುದಾದ ತಾಮ್ರದ ಕಾಸು ಯಾರದೋ ಉಳಿತಾಯವೋ, ತೋಪಿನಿಂದ ಸಿಡಿದ ಮದ್ದುಗುಂಡೋ ಎಂಬುದನ್ನು ಆ ಕಾಸಿನ ಲೋಹ ಹೇಳಲಾರದು. ಅದು ಬಿದ್ದ ಜಾಗ, ಸುತ್ತ ಚದುರಿದ ಇತರ ಕಾಸುಗಳು, ಬಗ್ಗಿದ ಅಂಚು, ಅದರ ಪಕ್ಕದಲ್ಲಿರುವ ಸೀಸದ ಗುಂಡು ಮತ್ತು ಕಬ್ಬಿಣದ ಬಾಣದ ಮೊನೆ, ಇವು ಮಾತ್ರ ಹೇಳಬಲ್ಲವು. ಅಂಥ ನೆಲದಲ್ಲಿ ಕೀಳು ದನಿಯ ಕಬ್ಬಿಣಕ್ಕೆ ಚಿನ್ನದ ವರಹಕ್ಕಿಂತ ಹೆಚ್ಚಿನ ಬೆಲೆಯಿದೆ. ಅಮೆರಿಕದ ಲಿಟ್ಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರ ಬೆಂಕಿಯಿಂದ ಹುಲ್ಲು ಸುಟ್ಟುಹೋದ ಮೇಲೆ, ಪುರಾತತ್ತ್ವಜ್ಞರು ಲೋಹಶೋಧಕ ಹಿಡಿದು ಪ್ರತಿ ಗುಂಡು, ತೋಟೆಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಯುದ್ಧದ ನಡೆಯನ್ನೇ ಮರುರಚಿಸಿದರು. ಯಂತ್ರ ಅದೇ, ಕೆಲಸ ಮಾತ್ರ ಬೇರೆ.

ನಮ್ಮಲ್ಲಿ ಆ ಯಂತ್ರ ನಿಧಿಗಳ್ಳರ ಕೈಗೆ ಸಿಕ್ಕಾಗ ಆಗುವ ಹಾನಿ ತುಂಬಿಬರುವಂಥದ್ದಲ್ಲ. ಹಾಳುಗುಡಿಯ ಗರ್ಭಗುಡಿಯ ಹಾಸುಗಲ್ಲು ಕಿತ್ತು, ಲಿಂಗವನ್ನೋ ವೀರಗಲ್ಲನ್ನೋ ಉರುಳಿಸಿ ಅಗೆದ ಗುಂಡಿಯಲ್ಲಿ ಮಣ್ಣಿನ ಪದರಗಳು ಬೆರೆತುಹೋದ ಮೇಲೆ ಯಾವ ವಿದ್ವಾಂಸನೂ ಅವುಗಳನ್ನು ಓದಲಾರ. ಕಾಯ್ದೆಯೂ ಇದನ್ನು ಒಪ್ಪುವುದಿಲ್ಲ: ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧವಾಗಿದ್ದು, ನೆಲದಲ್ಲಿ ನಿಧಿ ದೊರೆತರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಟ್ಟಳೆ 1878ರ ಕಾಯ್ದೆಯಿಂದ ಮೊದಲ್ಗೊಂಡು ನಡೆದುಬಂದಿದೆ. ರಂಟೆ ಹೊಡೆಯುವಾಗಲೋ ಬುನಾದಿ ತೋಡುವಾಗಲೋ ಹಳೆಯ ನಾಣ್ಯ, ಗುಂಡು, ಆಯುಧದ ತುಣುಕು ಕಂಡುಬಂದರೆ ರೈತರು ಅದನ್ನು ತೊಳೆಯದೆ, ತಿಕ್ಕದೆ, ಸುತ್ತಲಿನ ಮಣ್ಣನ್ನು ಕೆದಕದೆ, ಸಿಕ್ಕ ಜಾಗವನ್ನು ಗುರುತಿಟ್ಟು ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ಕೂಡಲೇ ತಿಳಿಸಬೇಕು.